ದುಃಖದ ತಪಾಸಣೆ

ಮಕ್ಕಳ ಕಿವಿಯನ್ನು ಒಂದೇ ತಿಂಗಳಲ್ಲಿ ಉದ್ಧಾರ ಮಾಡಿಬಿಡುತ್ತೇನೆಂದು ಲಿಫ್ಟ್ ಇನ್‌ಸ್ಪೆಕ್ಟರು ಶಪಥ ಮಾಡಿದರು. ಊರಿನ ಲಿಫ್ಟುಗಳೆಲ್ಲ ತಮ್ಮ ರುಜು ಬಿದ್ದ ಮೇಲೆಯೇ ಮೇಲೇರುವುದರಿಂದ, ಜಗತ್ತಿನಲ್ಲಿ ಯಾವುದೂ ತಮ್ಮ ತಪಾಸಣೆಗೆ ಹೊರತಲ್ಲ ಎಂದು ಅವರು ನಂಬಿದ್ದರು. ಮಗಳು ಕೇಳುವ ಹಾಡು ಅವರ ಪ್ರಕಾರ ಮಿಕ್ಸಿಯೊಳಗೆ ಚಮಚ ಬಿದ್ದ ಸದ್ದು; ಮಗ ಕೇಳುವುದು ಅದೇ ಮಿಕ್ಸಿ ರಿಪೇರಿಯಾಗಿ ಬಂದ ಮೇಲಿನ ಸದ್ದು. ಸಂಗೀತವೆಂದರೆ ಅಮೆರಿಕದ ಕಪ್ಪು ಜನ ತಮ್ಮ ದುಃಖ ತೋಡಿಕೊಂಡ ಹಳೆಯ ಬ್ಲೂಸ್. ಮಿಕ್ಕಿದ್ದು ಗಲಾಟೆ.

ಹಾಗಾಗಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಡುಮನೆಯಲ್ಲಿ ಹಾಜರಾತಿ ಕಡ್ಡಾಯವಾಯಿತು. ಗೀರು ಬಿದ್ದ ರೆಕಾರ್ಡಿನೊಳಗಿಂದ ಎಂದೋ ತೀರಿಕೊಂಡ ಗಾಯಕನೊಬ್ಬ ನರಳತೊಡಗಿದ. ಮಗಳು ಸೋಫಾದ ದಾರ ಎಳೆಯುತ್ತ ಕುಳಿತಳು. ಈ ಮನುಷ್ಯ ಹೇಳಿದ್ದನ್ನೇ ಯಾಕೆ ಎರಡೆರಡು ಸಲ ಹೇಳುತ್ತಾನೆಂದು ಒಂಬತ್ತು ವರ್ಷದ ಮಗ ಕೇಳಿದ. ಇನ್‌ಸ್ಪೆಕ್ಟರು ಮರುಕದ ನಗೆ ನಕ್ಕು ವಿವರಿಸಿದರು: ದುಃಖವನ್ನು ಒಂದು ಸಾಲಿನಲ್ಲಿ ಹೇಳಬೇಕು, ಅದನ್ನೇ ಮತ್ತೊಮ್ಮೆ ಹೇಳಬೇಕು, ಮೂರನೆಯ ಸಾಲಿನಲ್ಲಿ ಅದರ ಬುಡ ತೋರಿಸಬೇಕು.

"ಆದ್ರೆ ದುಃಖ ನಿಜವಾದದ್ದಾಗಿರ್ಬೇಕು. ಬೆಚ್ಚಗೆ ಹೊದ್ದು ಮಲಗೋ ನಿಮಗೆಲ್ಲಿಂದ ಬರ್ಬೇಕು ಅದು?"

ಮಗಳು ಅಲ್ಲೇ ಪಂದ್ಯ ಕಟ್ಟಿದಳು. ಮುಂದಿನ ವಾರ ಈ ಮನೆಯಲ್ಲಿ ಮೂರು ಸಾಲಿನಲ್ಲಿ ಹಾಡಿದ ಯಾರ ದುಃಖ ಪಾಸಾಗುತ್ತದೋ, ಇನ್ನು ಮೇಲೆ ಭಾನುವಾರ ಅವರದು. ಯಾರದೂ ಪಾಸಾಗದಿದ್ದರೆ ವರ್ಷವಿಡೀ ತುಟಿಪಿಟಕ್ಕೆನ್ನದೆ ಬ್ಲೂಸ್ ಕೇಳುವುದು. ಪಾಸು ಮಾಡುವವರು ಯಾರೆಂಬ ಪ್ರಶ್ನೆ ಏಳಲಿಲ್ಲ. ಇನ್‌ಸ್ಪೆಕ್ಟರು ಆಗಲೇ ಪೆನ್ನು ಹುಡುಕುತ್ತಿದ್ದರು.

ಮುಂದಿನ ಭಾನುವಾರ ಮಗಳು ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಂದು ನಿಂತಳು.

"ಬೆಳಗಾಯ್ತು ಎದ್ದೆ, ನಲ್ಲೀಲಿ ತಣ್ಣೀರು,
ಬೆಳಗಾಯ್ತು ಎದ್ದೆ, ನಲ್ಲೀಲಿ ತಣ್ಣೀರು,
ಗೀಸರ್ ನಾನೇ ರಿಪೇರಿ ಮಾಡ್ತೀನಂತ ಬಿಚ್ಚಿಟ್ರು ಇನ್‌ಸ್ಪೆಕ್ಟರು."

ಇನ್‌ಸ್ಪೆಕ್ಟರು ಬಚ್ಚಲಿಗೆ ಹೋಗಿ ಪರಿಶೀಲಿಸಿದರು. ನಾಲ್ಕು ತಿಂಗಳಿಂದ ಗೀಸರಿನ ಅಂಗಾಂಗಗಳು ಬಕೆಟ್ಟಿನಲ್ಲಿ ವಿಶ್ರಾಂತಿ ಪಡೆಯುತ್ತಿದ್ದುದು ನಿಜ. ಆದರೂ ಅದು ತಾಂತ್ರಿಕ ವಿಚಾರ, ದುಃಖವಲ್ಲ ಎಂದು ತೀರ್ಪಿತ್ತರು. ಮಗನ ಹಾಡಿನಲ್ಲಿ, ತನ್ನ ಆಟದ ಪಂದ್ಯ ನೋಡಲು ಶಾಲೆಗೆ ಬಂದ ಅಪ್ಪ ಅಲ್ಲಿನ ಲಿಫ್ಟ್ ತಪಾಸಣೆ ಮಾಡಿ ಹಾಗೇ ಹಿಂದಿರುಗಿದ್ದರು. ಲಿಫ್ಟಿನ ಬಾಗಿಲು ಸರಿಯಿರಲಿಲ್ಲವೆಂದು ಅದನ್ನೂ ತಳ್ಳಿಹಾಕಿದರು. ಗೆಲುವಿನ ಕಳೆಯೇರಿದ ಮುಖದಿಂದ ರೆಕಾರ್ಡಿನತ್ತ ಕೈ ಚಾಚಿದರು.

ಪಕ್ಕದಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಹೆಂಡತಿ, ತಲೆಯೆತ್ತದೆಯೇ, ಅಂಗಿಯ ಕಾಲರ್ ಒತ್ತುತ್ತ ಹಾಡಿದಳು.

"ಹದಿನಾರು ವರ್ಷದಿಂದ ಇವ್ರದೇ ಹಾಡು,
ಹದಿನಾರು ವರ್ಷದಿಂದ ಇವ್ರದೇ ಹಾಡು,
ನಿನಗೇನಿಷ್ಟ ಅಂತ ಒಂದಿನ ಕೇಳಿದ್ರಾ ನೋಡು."

ಇನ್‌ಸ್ಪೆಕ್ಟರು ಹಾಡನ್ನು ಮನಸ್ಸಿನಲ್ಲೇ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ತಪಾಸಣೆ ಮಾಡಿದರು. ಒಂದು ನಟ್ಟೂ ಸಡಿಲವಿರಲಿಲ್ಲ.

"ಪಾಸು," ಎಂದರು, ತಮಗೇ ಕೇಳಿಸದಷ್ಟು ಮೆಲ್ಲಗೆ.

ಮಕ್ಕಳು ಚಪ್ಪಾಳೆ ತಟ್ಟಿ, ಅಮ್ಮ ಗೆದ್ದಳೆಂದರೆ ಇನ್ನು ತಮ್ಮದೇ ರಾಜ್ಯವೆಂದು ಫೋನು ತರಲು ಓಡಿದರು. ಇನ್‌ಸ್ಪೆಕ್ಟರು ಅಳಿದುಳಿದ ಗಾಂಭೀರ್ಯವನ್ನು ಒಟ್ಟುಗೂಡಿಸಿಕೊಂಡು ಕೇಳಿದರು: "ಸರಿ, ಹೇಳು. ನಿನಗ್ಯಾವ ಹಾಡಿಷ್ಟ?"

ಹೆಂಡತಿ ರೆಕಾರ್ಡ್ ಪ್ಲೇಯರಿನ ಪ್ಲಗ್ಗು ಕಿತ್ತಳು. ಓಡಿ ಬಂದ ಮಕ್ಕಳ ಕೈಯಿಂದ ಫೋನುಗಳನ್ನು ತೆಗೆದುಕೊಂಡಳು.

"ಯಾವ್ದೂ ಬೇಡ. ಭಾನುವಾರ ಎಲ್ರೂ ಸುಮ್ನಿದ್ರೆ ಸಾಕು."

ಅವಳು ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದಳು. ಸೋಫಾದ ಮೇಲೆ ಮೂವರೂ ಸಾಲಾಗಿ ಕುಳಿತರು. ಅಪ್ಪ ಮಕ್ಕಳು ಒಂದೇ ದುಃಖವನ್ನು ಹಂಚಿಕೊಂಡದ್ದು ಅದೇ ಮೊದಲು.