ಎಂಬತ್ತಕ್ಕೆ ನಡುಗುವ ಸ್ಟೀರಿಂಗು

ನನ್ನ ತಮ್ಮ ತನ್ನ ಸತ್ತ ಹೆಂಡತಿಗೆ ಸೀಟ್ ಬೆಲ್ಟ್ ಹಾಕುತ್ತಾನೆ. ಬದುಕಿರುವ ಅಕ್ಕ ಹಿಂದಿನ ಸೀಟಿನಲ್ಲಿ ಮೂಟೆಯಂತೆ ಉರುಳಾಡಿದರೂ ಕೇಳುವುದಿಲ್ಲ! ಮುಂದಿನ ಖಾಲಿ ಸೀಟಿಗೆ ಬೆಲ್ಟು ಎಳೆದು ಸಿಕ್ಕಿಸಿ, 'ಆಯ್ತಾ?' ಎಂದು ಕೇಳಿ, ಉತ್ತರ ಬಂದವನಂತೆ ತಲೆಯಾಡಿಸಿ ಆಮೇಲೆ ಕೀಲಿ ತಿರುಗಿಸುತ್ತಾನೆ. ಇಂಥವನ ಕಾರು ಯಾಕೆ ಹತ್ತುತ್ತೀಯೆಂದು ಕೇಳಬೇಡಿ. ನನ್ನ ಮಂಡಿಗೆ ಮಧುಗಿರಿ ಬಸ್ಸಿನ ಮೆಟ್ಟಿಲು ಎತ್ತರ.

ಮೊದಲೂ ಹುಚ್ಚನೇ, ಆದರೆ ಸಾಧಾರಣ ಹುಚ್ಚ. ಚಳಿಗೆ ಕಾರಿಗೆ ಕಂಬಳಿ ಹೊದಿಸುತ್ತಿದ್ದ, ಅಷ್ಟೆ. ಹೆಂಡತಿ ಹೋಗಿ ವರ್ಷ ಕಳೆದು, ಆಯುಧಪೂಜೆ ಮುಗಿದ ವಾರದಲ್ಲಿ ಈ ಬೆಲ್ಟಿನ ಕಥೆ ಶುರುವಾಯಿತು.

ಮಟಮಟ ಮಧ್ಯಾಹ್ನ ಶಿರಾ ಹೈವೇ ಹತ್ತಿದೆವು. ಅರವತ್ತು, ಎಪ್ಪತ್ತು, ಏನೂ ಇಲ್ಲ. ವೇಗದ ಮುಳ್ಳು ಎಂಬತ್ತಕ್ಕೆ ಬಂದದ್ದೇ ಸ್ಟೀರಿಂಗು ಜ್ವರ ಬಂದವರ ಕೈಯಂತೆ ನಡುಗಿತು. ಕಿಟಕಿಗಳೆಲ್ಲ ಮುಚ್ಚಿದ್ದವು. ಆದರೂ ಕನ್ನಡಿಗೆ ಕಟ್ಟಿದ್ದ ಅವಳ ಹಸಿರು ಬಳೆಗಳು ಕಿಣಿಕಿಣಿ ಎಂದವು. ಖಾಲಿ ಸೀಟಿನ ಬೆಲ್ಟು ಒಳಗೆ ಯಾರೋ ಉಸಿರಾಡುತ್ತಿರುವಂತೆ ಅಲುಗುತ್ತಿತ್ತು.

'ಲೇ, ಏನ್ಲಾ ಇದು?'

'ಅವ್ಳೇ ಕಣಕ್ಕ. ಎಂಬತ್ತಾದ್ರೆ ಕೈ ಹಿಡ್ಕಂಡು ಅಲ್ಲಾಡಿಸ್ತಿರ್ಲಿಲ್ವಾ? ಇನ್ನೂ ಆ ಚಾಳಿ ಬುಟ್ಟಿಲ್ಲ.'

ಅದು ನಿಜ. ಬದುಕಿದ್ದಾಗ ಅವನ ಮುಂಗೈ ಹಿಡಿದು ಅಲ್ಲಾಡಿಸಿ 'ನಿಧಾನ' ಎನ್ನುತ್ತಿದ್ದಳು. ಅವನು ನೂರಕ್ಕೆ ಏರಿಸಿದ. ನಡುಕ ನಿಂತಿತು.

'ನೋಡ್ದಾ? ನೂರಾದ್ರೆ ಮುನಿಸ್ಕಂಡು ಮಾತು ಬುಟ್ಬುಡ್ತಾಳೆ!'

ಅದೂ ಅವಳ ಗುಣವೇ! ನನಗೆ ದೆವ್ವದಲ್ಲಿ ನಂಬಿಕೆಯಿಲ್ಲ. ಆದರೂ ಸೆರಗು ಹೊದ್ದುಕೊಂಡೆ.

ಕೆಲಸವಿಲ್ಲದಿದ್ದರೂ ದಿನಾ ಹೈವೇಗೆ ಹೋಗಿ, ಎಂಬತ್ತಕ್ಕೆ ಏರಿಸಿ, ಕೈ ಸಡಿಲ ಬಿಟ್ಟು ನಡುಗಿಸಿಕೊಂಡು ಬರುತ್ತಾನೆಂದು ಆಮೇಲೆ ಗೊತ್ತಾಯಿತು. ಒಂದು ದಿನ ಲಾರಿಯ ಹಿಂಬದಿಗೆ ಗುದ್ದಲು ಒಂದೇ ಮೊಳ ಉಳಿದಿತ್ತಂತೆ. ಅದನ್ನೂ ನಗುತ್ತಲೇ ಹೇಳಿದ. ಇವನನ್ನೂ ಕರೆದುಕೊಂಡು ಹೋಗುತ್ತಾಳೆ ಎನ್ನಿಸಿತು ನನಗೆ. ಮಾರನೆಯ ದಿನವೇ ಶಿರಾದ ಮೆಕ್ಯಾನಿಕ್ ಹತ್ತಿರ ಎಳೆದುಕೊಂಡು ಹೋದೆ.

'ಬ್ರೇಕ್ ತುಳಿದ್ರೆ ಅದುರ್ತದಾ ಚಾಚಾ?' ಎಂದು ಕೇಳಿದ ಮೆಕ್ಯಾನಿಕ್.

'ಇಲ್ಲ. ಬ್ರೇಕ್ ತುಳಿದ್ರೆ ಅವ್ಳಿಗೆ ಖುಷಿ.'

ಮೆಕ್ಯಾನಿಕ್ ನನ್ನ ಮುಖ ನೋಡಿದ. ನಾನು ಟೈರು ನೋಡಿದೆ. ಅವನು ಕುಕ್ಕರಗಾಲಲ್ಲಿ ಕೂತು ಚಕ್ರದ ಅಂಚಿನ ಸುತ್ತ ಬೆರಳಾಡಿಸಿದ.

'ಅರೆ! ಚಕ್ರ ಸಮ ತಿರುಗ್ಲಿ ಅಂತ ಸೀಸದ ತುಂಡು ಹಾಕಿರ್ತಾರೆ. ಮುಂದಿನ ಎರಡು ಚಕ್ರದಲ್ಲೂ ಒಂದೂ ಇಲ್ಲ. ಯಾರೋ ಕೆರೆದು ಕಿತ್ತವ್ರೆ. ಸ್ಟೀರಿಂಗ್ ನಡುಗ್ದೆ ಇನ್ನೇನಾಗ್ತದೆ?'

ನನ್ನ ಎಲೆಅಡಿಕೆ ಚೀಲ ಇದ್ದಕ್ಕಿದ್ದಂತೆ ಭಾರವಾಯಿತು. ಆಯುಧಪೂಜೆಗೆ ಪ್ರತಿ ವರ್ಷ ಕಾರು ತೊಳೆಯುತ್ತಿದ್ದವಳು ಅವಳು. ಈ ಸಲ ನಾನು ತೊಳೆದೆ. ಚಕ್ರಕ್ಕೆ ಬೂದು ಬಣ್ಣದ ಗಂಟುಗಳು ಅಂಟಿದ್ದವು. ಕೊಳೆಯೆಂದುಕೊಂಡು, ಕುಂಕುಮ ಹಚ್ಚಲು ಜಾಗ ಚೊಕ್ಕಟವಾಗಲಿ ಅಂತ ಕುಡುಗೋಲಿನ ತುದಿಯಿಂದ ಮೀಟಿ ತೆಗೆದಿದ್ದೆ. ಗಟ್ಟಿಯಾಗಿದ್ದವು, ಯಾವುದಕ್ಕಾದರೂ ಆದೀತೆಂದು ಚೀಲಕ್ಕೆ ಹಾಕಿಕೊಂಡಿದ್ದೆ. ಈಗ ತೆಗೆದು ಮೆಕ್ಯಾನಿಕ್ ಅಂಗೈಯಲ್ಲಿಟ್ಟೆ. ನೋಡಿ, ದೆವ್ವವನ್ನು ಹೆತ್ತವಳು ನಾನೇ!

ತಮ್ಮ ಆ ತುಂಡುಗಳನ್ನು ನೋಡಿದ. ಬೈಯಲಿಲ್ಲ. 'ಹಾಕ್ಬ್ಯಾಡ ಕಣಪ್ಪ, ಇಂಗೇ ಇರ್ಲಿ' ಎಂದ, ಮೆಲ್ಲಗೆ.

'ಹಾಕು' ಎಂದೆ ನಾನು.

ವಾಪಸು ಹೊರಟಾಗ ಮುಂದಿನ ಬಾಗಿಲು ತೆಗೆದು ಅವಳ ಸೀಟಿನಲ್ಲಿ ಕೂತೆ. ಅವನು ಕೀಲಿ ತಿರುಗಿಸಿದ. ಎಪ್ಪತ್ತು. ಎಂಬತ್ತು. ಸ್ಟೀರಿಂಗು ಮಧುಗಿರಿ ಬೆಟ್ಟದಂತೆ ಅಲುಗದೆ ನಿಂತಿತ್ತು. ಬಳೆಗಳು ಸದ್ದು ಮಾಡಲಿಲ್ಲ. ಅಷ್ಟು ದಿನ ಆ ಕಿಣಿಕಿಣಿಗೆ ಹೆದರಿದ್ದೆ, ಈಗ ಅದು ಇಲ್ಲದ್ದಕ್ಕೆ ಇನ್ನೂ ಹೆದರಿಕೆಯಾಯಿತು. ಅವನ ಕೈಗಳು ಸಡಿಲವಾಗಿ ಕಾಯುತ್ತಿದ್ದವು. ಎಂಬತ್ತೈದು.

ನಾನು ಅವನ ಮುಂಗೈ ಹಿಡಿದು ಅಲ್ಲಾಡಿಸಿದೆ.

'ನಿಧಾನಕ್ಕೆ ಹೋಗ್ಲಾ.'

ಮುಳ್ಳು ಅರವತ್ತಕ್ಕೆ ಇಳಿಯಿತು. ಸ್ವಲ್ಪ ದೂರ ಹೋದ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ:

'ಬೆಲ್ಟು ಹಾಕ್ಕೊ ಅಕ್ಕಾ.'