ವಕೀಲರ ದೋಣಿಗೆ ನಾನು ಆರಿಸಿದ ಕ್ಯಾಮ್‌ಶಾಫ್ಟ್

ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವಳು ನಾನು. ಆದರೂ ದೋಣಿಯ ಎಂಜಿನ್ನಿಗೆ ಕ್ಯಾಮ್‌ಶಾಫ್ಟ್ ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ಯಾರೂ ಇಲ್ಲವೆಂದು ಅವತ್ತು ಬೆಳಿಗ್ಗೆ ತೀರ್ಮಾನ ಮಾಡಿಬಿಟ್ಟೆ. ಮಾಡಬಾರದೇ? ನಲವತ್ತೊಂದು ವರ್ಷ ದೋಣಿ ಮೆಕ್ಯಾನಿಕ್ಕಿನ ಜೊತೆ ಸಂಸಾರ ಮಾಡಿದವಳು. ನಮ್ಮವರು ಊಟದ ತಟ್ಟೆಯ ಪಕ್ಕದಲ್ಲೇ ಶಾಫ್ಟ್ ಇಟ್ಟುಕೊಂಡು, "ನೋಡೇ, ಈ ಸರಳಿನ ಒಂದೊಂದು ಉಬ್ಬೂ ಒಂದೊಂದು ಬಾಗಿಲು ತೆಗೆಯುತ್ತೆ. ಗಾಳಿ ಬರೋಕೊಂದು, ಹೊಗೆ ಹೋಗೋಕೊಂದು. ಎರಡೂ ಒಂದು ಕ್ಷಣ ಒಟ್ಟಿಗೇ ತೆರೆದಿರ್ಬೇಕು. ಆಗ ಎಂಜಿನ್ ಹುಲಿ ಥರ ಗುರುಗುಟ್ಟುತ್ತೆ" ಎನ್ನುತ್ತಿದ್ದರು. ಅವರು ಹೋಗಿ ಒಂಬತ್ತು ವರ್ಷವಾಯಿತು. ಆ ಮಾತು ಮಾತ್ರ ಒಂದಕ್ಷರ ಮಾಸಿಲ್ಲ.

ಮಗ ಗಣಿತದ ಮೇಷ್ಟ್ರು. ಕೈಗೆ ಸ್ಪ್ಯಾನರ್ ಕೊಟ್ಟರೆ ಬೆನ್ನು ಕೆರೆದುಕೊಳ್ಳುತ್ತಾನೆ. ಹೀಗಾಗಿ ಹಿತ್ತಲಿನ ಶೆಡ್ಡು ಸೊಸೆಯ ಪಾಲಾಯಿತು. ಅವಳ ಕೈಗುಣವೇ ಕೈಗುಣ. ಸತ್ತು ಮಲಗಿದ ಎಂಜಿನ್ನೂ ಅವಳ ಹೆಜ್ಜೆ ಸಪ್ಪಳ ಕೇಳಿದರೆ ಕೆಮ್ಮಿಕೊಂಡು ಏಳುತ್ತದೆ.

ಆ ವಾರ ಮೀಸೆ ವಕೀಲರ ದೋಣಿ ಬಂದಿತ್ತು. ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಕೂರಿಸಿ, ಅದಕ್ಕೆ ಹೊಂದುವ ಕ್ಯಾಮ್‌ಶಾಫ್ಟ್ ಹಾಕಬೇಕು. ಭಾನುವಾರ ಪರೀಕ್ಷೆ. ದೋಣಿ ಚೆನ್ನಾಗಿ ಓಡಿದರೆ ಅವರ ಕ್ಲಬ್ಬಿನ ಆರು ದೋಣಿಗಳ ಕೆಲಸವೂ ಸೊಸೆಗೆ. ಓಡದಿದ್ದರೆ, "ಹೆಂಗಸಿನ ಕೈಗೆ ಎಂಜಿನ್ ಕೊಟ್ಟೆನಲ್ಲ" ಎಂದು ವಕೀಲರು ಊರೆಲ್ಲ ವಾದ ಮಂಡಿಸುವುದು ಖಂಡಿತ.

ಅಂಗಡಿಯವರು ಎರಡು ಶಾಫ್ಟ್ ಕಳಿಸಿದ್ದರು. ಬೇಕಾದ್ದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸು ಮಾಡಬೇಕು.

"ಅತ್ತೆ, ಬಾಗಿಲ ಹತ್ರ ಇರೋ ಡಬ್ಬ ಕೊರಿಯರಿನವನಿಗೆ ಕೊಟ್ಬಿಡಿ. ನಾನು ಗ್ಯಾಸ್ಕೆಟ್ ತಂದ್ಬಿಡ್ತೀನಿ" ಎಂದು ಸೊಸೆ ಸ್ಕೂಟರ್ ಹತ್ತಿದಳು.

ನಾನು ಎರಡೂ ಡಬ್ಬ ಬಿಚ್ಚಿದೆ. ಹೆಬ್ಬೆರಳಿನಿಂದ ಸವರಿ ನೋಡಿದೆ. ವಾಪಸು ಹೋಗಬೇಕಾಗಿದ್ದುದರ ಉಬ್ಬುಗಳು ತುಂಬು ಬಸುರಿಯ ಹೊಟ್ಟೆಯ ಹಾಗಿದ್ದವು; ಎರಡು ಬಾಗಿಲನ್ನೂ ಒಟ್ಟಿಗೆ ತೆರೆದಿಡುವುದು ಇಂಥ ಉಬ್ಬುಗಳೇ. ಸೊಸೆ ಆರಿಸಿದ್ದು ಜ್ವರ ಬಿಟ್ಟು ಎದ್ದವಳಂತೆ ಸೊರಗಿತ್ತು. ಪಾಪ, ಹುಡುಗಿ ಅವಸರದಲ್ಲಿ ಎಡವಿದ್ದಾಳೆ. ಮನೆಯಲ್ಲಿ ಹಿರಿಯರು ಅಂತ ಇರುವುದು ಮತ್ತೆ ಯಾತಕ್ಕೆ? ಸೊರಗಿದ್ದನ್ನು ಕೊರಿಯರಿನವನಿಗೆ ದಾಟಿಸಿ, ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಕೈಬೀಸಿದೆ.

ಸೊಸೆ ಬಂದವಳೇ ಉಬ್ಬಿನ ಎತ್ತರ ಅಳೆಯುವ ಗಡಿಯಾರದಂಥ ಮಾಪಕವನ್ನು ಶಾಫ್ಟಿಗೆ ಹಿಡಿದಳು. ಮುಖ ಬಿಳಿಚಿತು.

"ಅತ್ತೆ, ಇದು ನಾನು ಇಟ್ಕೊಂಡಿದ್ದಲ್ಲ."

"ಅಲ್ಲ. ಅದಕ್ಕಿಂತ ಒಳ್ಳೇದು."

"ಯಾರು ಹೇಳಿದ್ದು?"

"ನಿಮ್ಮ ಮಾವ."

ಅವಳು ಗೋಡೆಯ ಫೋಟೋ ನೋಡಿದಳು, ನನ್ನನ್ನು ನೋಡಿದಳು. ಬೇರೆಯವರ ಸೊಸೆಯಾಗಿದ್ದರೆ ಸ್ಪ್ಯಾನರ್ ಹಾರುತ್ತಿತ್ತು.

"ಮಾವ ಹೇಳಿದ್ದು ಸರಿನೇ ಅತ್ತೆ. ಅವರ ಎಂಜಿನ್ನು ಗಾಳೀನ ತಾನೇ ಎಳ್ಕೋತಿತ್ತು. ಇಲ್ಲಿ ನಾವು ನೂಕ್ತೀವಿ. ಎರಡು ಬಾಗಿಲೂ ಒಟ್ಟಿಗೆ ತೆರೆದಿದ್ರೆ ನೂಕಿದ್ದೆಲ್ಲ ಹಂಗೇ ಆಚೆ ಹೋಗುತ್ತೆ. ಮೇಲಾಗಿ ದೋಣಿ. ಹೊಗೆ ಕೊಳವೇಲಿ ನೀರಿರುತ್ತೆ. ನಿಧಾನಕ್ಕೆ ಓಡೋವಾಗ ಎಂಜಿನ್ನು ಆ ನೀರನ್ನ ಒಳಗೆ ಎಳ್ಕೊಂಡ್ರೆ ಕಥೆ ಮುಗೀತು."

"ತೋರಿಸು ನೋಡೋಣ" ಎಂದೆ. ಸೋತರೂ ಸಾಕ್ಷಿ ಸಮೇತ ಸೋಲಬೇಕು.

ಅವಳು ಮನೆಯನ್ನೇ ಎಂಜಿನ್ ಮಾಡಿ, ಮುಂಬಾಗಿಲಲ್ಲಿ ದೊಡ್ಡ ಫ್ಯಾನು ನಿಲ್ಲಿಸಿದಳು. ಗಾಳಿ ಹೋಗುವ ದಾರಿ ಕಣ್ಣಿಗೆ ಕಾಣಲೆಂದು ಅದರ ಮುಂದೆ ಇಡಲು ನಾನು ಹಿಟ್ಟು ತಂದೆ.

"ಅತ್ತೆ, ಒಂದು ಹಿಡಿ ಸಾಕಿತ್ತು."

"ಪರಾತ ತುಂಬ ಇರ್ಲಿ ಬಿಡು. ಎಂಜಿನ್ನು ದೊಡ್ಡದಲ್ವಾ?"

ಹಿಂಬಾಗಿಲು ಮುಚ್ಚಿ ಫ್ಯಾನು ಹಾಕಿದಾಗ ಹಿಟ್ಟು ಎದ್ದು ಮನೆಯೊಳಗೇ ಗಿರಕಿ ಹೊಡೆಯಿತು. "ನೋಡಿ, ಒಳಗೇ ಉಳೀತು. ಈಗ ತೆಗೀರಿ" ಎಂದಳು. ತೆಗೆದೆ. ಬಿಳಿ ಮೋಡವೊಂದು ನನ್ನ ಕಿವಿ ಸವರಿಕೊಂಡು ನೇರ ಆಚೆ ಹೋಯಿತು. ಶೆಡ್ಡಿನಲ್ಲಿ ಯಾರೂ ಇಲ್ಲವೆಂದು ಹಿಂಬಾಗಿಲು ತಟ್ಟಲು ಕೈಯೆತ್ತಿದ್ದ ಮೀಸೆ ವಕೀಲರು, ಮೀಸೆಯಿಂದ ಬೂಟಿನವರೆಗೆ ಬೆಳ್ಳಗಾಗಿ ನಿಂತಿದ್ದರು.

"ಏನಮ್ಮ ಇದು?"

ನಾನು ಬಾಗಿಲ ಮರೆಗೆ ಸರಿದೆ. ಸೊಸೆ ಮಾತ್ರ ಅಳುಕಲಿಲ್ಲ. "ಸಾರ್, ನೀವೀಗ ಎಂಜಿನ್ನಿನ ಸೈಲೆನ್ಸರ್ ಎದುರಿಗೆ ನಿಂತಿದ್ದೀರ" ಎಂದು ಬಾಗಿಲು, ಗಾಳಿ, ನೀರು ಎಲ್ಲವನ್ನೂ ಬಿಡಿಸಿ ಹೇಳಿದಳು. ಸರಿಯಾದ ಶಾಫ್ಟು ಕೊರಿಯರ್ ಆಫೀಸು ಸೇರಿದೆ ಎಂದಳು. ಕಳಿಸಿದವರು ಯಾರೆಂದು ಮಾತ್ರ ಬಾಯಿ ಬಿಡಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ನಾಚಿಕೆಯಾಗಿ, "ಕಳಿಸಿದ್ದು ನಾನೇ" ಎಂದೆ.

ವಕೀಲರು ಮೀಸೆ ಕೊಡವಿದರು. "ಹನ್ನೆರಡು ವರ್ಷದಿಂದ ದೋಣಿ ಇಟ್ಕೊಂಡಿದೀನಿ. ನನಗೆ ಅರ್ಥ ಆಗೋ ಹಾಗೆ ಯಾವ ಮೆಕ್ಯಾನಿಕ್ಕೂ ಹೇಳಿರ್ಲಿಲ್ಲ. ಇಬ್ರೂ ಕಾರು ಹತ್ತಿ."

ಅದೇ ವೇಷದಲ್ಲಿ ಅವರು ಕೊರಿಯರ್ ಆಫೀಸಿಗೆ ನುಗ್ಗಿದರು. ಅವರನ್ನು ಕಂಡ ಗುಮಾಸ್ತ ರಸೀದಿ ಕೇಳುವುದನ್ನೂ ಮರೆತು ಡಬ್ಬ ಮುಂದೆ ತಳ್ಳಿದ.

ಭಾನುವಾರ ಆ ಸೊರಗಿದ ಶಾಫ್ಟಿನ ದೋಣಿ ಮೂತಿ ಎತ್ತಿ ನೀರಿನ ಮೇಲೆ ಹಾರಿತು. ವಕೀಲರ ಟೋಪಿ ಹಿಂದೆ ಬಿದ್ದರೂ ತಿರುಗಿ ನೋಡಲಿಲ್ಲ. ಮರುವಾರ ಆರೂ ದೋಣಿಯವರು ಮನೆಗೇ ಬಂದರು: "ಆ ಹಿಟ್ಟಿನ ಪರೀಕ್ಷೆ ನಮಗೂ ತೋರ್ಸಿ."

ಸೊಸೆ ಎಲ್ಲರ ಮುಂದೆ, "ಇವರು ನಮ್ಮತ್ತೆ" ಎಂದಳು. ನಲವತ್ತೊಂದು ವರ್ಷದ ಅನುಭವ ಹಂಚಿಕೊಳ್ಳಲು ನಾನು ಕನ್ನಡಕ ಸರಿಮಾಡಿಕೊಂಡು ಗಂಟಲು ಸರಿಪಡಿಸಿಕೊಂಡೆ.

"ಹಿಂಬಾಗಿಲು ಇವರೇ ನೋಡ್ಕೋತಾರೆ. ಅತ್ತೆ, ನಾನು ಹೇಳೋವರೆಗೂ ತೆಗೀಬೇಡಿ."

ಚಿಲಕ ಹಿಡಿದು ನಿಂತೆ. ಅವಳು ಹೇಳುವವರೆಗೂ ತೆಗೆಯಲಿಲ್ಲ, ಬಾಗಿಲನ್ನೂ, ಬಾಯನ್ನೂ.