ದಂತವೈದ್ಯರ ನಿಧನಕ್ಕೆ ಸಂಬಂಧಿಸಿದ ಕಡತ

ನಮ್ಮ ಚಿತ್ರಸಂಸ್ಥೆಯ ಹೊಸ ನಾಯಕಿಯ ತಂದೆಯವರು ಜೂನ್ ತಿಂಗಳ ಎರಡನೇ ಮಂಗಳವಾರ, ಬೆಳಿಗ್ಗೆ ಹನ್ನೊಂದೂವರೆಗೆ, ಸಂಸ್ಥೆಯ ಮೂರನೇ ಮಹಡಿಯ ಸಭಾಕೊಠಡಿಯಲ್ಲಿ ಬಿಸ್ಕತ್ತು ತಿನ್ನುತ್ತಾ, ಸ್ವಂತ ಒಪ್ಪಿಗೆಯಿಂದ ನಿಧನರಾದರು. ನಿಧನದ ಸಮಯದಲ್ಲಿ ಅವರ ಆರೋಗ್ಯ ಚೆನ್ನಾಗಿತ್ತು. ಸಭೆಯ ನಡವಳಿ ಬರೆದುಕೊಂಡವನು ನಾನೇ ಆದ್ದರಿಂದ ಈ ಬಗ್ಗೆ ಯಾರಿಗೂ ಸಂಶಯ ಬೇಡ.

ನಾನು ಸಂಸ್ಥೆಯ ವರ್ಚಸ್ಸು ನಿರ್ಮಾಣ ವಿಭಾಗದ ದಾಖಲೆ ಗುಮಾಸ್ತ. ನಟನಟಿಯರನ್ನು ಎರಡನೇ ಮಹಡಿಯಲ್ಲಿ ಆರಿಸುತ್ತಾರೆ. ಅವರು ಯಾರು ಎಂಬುದನ್ನು ಮೂರನೇ ಮಹಡಿಯಲ್ಲಿ ನಾವು ತೀರ್ಮಾನಿಸುತ್ತೇವೆ. ಹುಟ್ಟಿದ ವರ್ಷ, ಮೊದಲ ಪ್ರೀತಿ, ಹಸಿದು ಮಲಗಿದ ದಿನಗಳ ಸಂಖ್ಯೆ, ಎಲ್ಲಕ್ಕೂ ನಮ್ಮ ಮೊಹರು ಬೀಳಬೇಕು. ನಿಯಮಾವಳಿಯ ಹದಿನಾಲ್ಕನೇ ನಿಯಮ ಹೀಗಿದೆ: 'ಪ್ರತಿ ಹೊಸ ತಾರೆಗೂ ಬಾಲ್ಯದಲ್ಲಿ ಕನಿಷ್ಠ ಒಂದು, ಗರಿಷ್ಠ ಮೂರು ದುಃಖಗಳಿರತಕ್ಕದ್ದು. ಸದರಿ ದುಃಖವು ನಾಲ್ಕು ನಿಮಿಷದೊಳಗೆ ಹೇಳಿ ಮುಗಿಸುವಂತಿರಬೇಕು. ಹೇಳುವಾಗ ಕಣ್ಣು ತುಂಬಬಹುದು, ಮೂಗು ಸೋರಕೂಡದು.'

ಹೊಸ ನಾಯಕಿಗೆ ಇಪ್ಪತ್ತೆರಡು ವರ್ಷ. ಅವಳ ಅರ್ಜಿಯಲ್ಲಿ 'ಬಾಲ್ಯದ ದುಃಖ' ಎಂಬ ಕಲಮಿನ ಮುಂದೆ, 'ಆರನೇ ತರಗತಿಯಲ್ಲಿ ಸೈಕಲ್ ಕಳುವಾಯಿತು. ಮಾರನೇ ದಿನ ಸಿಕ್ಕಿತು' ಎಂದು ಬರೆದಿತ್ತು.

ನಮ್ಮ ಮುಖ್ಯಸ್ಥೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಈ ಹುಡುಗಿಗೆ ಏನೂ ಆಗೇ ಇಲ್ವಲ್ರೀ! ಇಪ್ಪತ್ತೆರಡು ವರ್ಷ ಸುಮ್ನೆ ಕೂತಿದ್ಲಾ?"

ಚಿತ್ರ ಬಿಡುಗಡೆಗೆ ಹತ್ತು ವಾರವಿತ್ತು. ಜೊತೆಗೆ ಒಂದು ಜೀವವಿಮಾ ಕಂಪನಿ ತನ್ನ ಜಾಹೀರಾತಿಗೆ ಇವಳ ಮುಖವನ್ನು ಕೇಳಿತ್ತು. ಮುಖ ಇದ್ದರೆ ಸಾಲದು, ತಂದೆ ಇರಬಾರದು ಎಂಬುದು ಅವರ ಷರತ್ತು. ಹೀಗಾಗಿ ಕುಟುಂಬವನ್ನು ಸಭೆಗೆ ಕರೆಯಲಾಯಿತು.

ತಂದೆ ದಂತವೈದ್ಯರು. ಗುಂಡಗಿನ ಮೈ, ಪೊದೆ ಮೀಸೆ, ಸದಾ ನಗುಮುಖ. ಯಾರ ಜೊತೆ ಮಾತಾಡಿದರೂ ಕಣ್ಣು ನೋಡದೆ ಹಲ್ಲು ನೋಡುತ್ತಿದ್ದರು. ತಾಯಿ ಶಾಲೆಯಲ್ಲಿ ಭೂಗೋಳ ಕಲಿಸುವವರು. ತಿದ್ದಲು ಉತ್ತರಪತ್ರಿಕೆಗಳ ಕಟ್ಟು ತಂದಿದ್ದರು. ಮಗಳು ಇಬ್ಬರ ನಡುವೆ ಕೂತು ಅಪ್ಪನ ಕೈ ಹಿಡಿದುಕೊಂಡಿದ್ದಳು.

"ಡಾಕ್ಟ್ರೇ, ಮಗಳಿಗೋಸ್ಕರ ನೀವು ಏನು ಬೇಕಾದ್ರೂ ಮಾಡ್ತೀರಿ ತಾನೇ?" ಎಂದರು ಮುಖ್ಯಸ್ಥೆ.

"ಪ್ರಾಣ ಬೇಕಾದ್ರೂ ಕೊಡ್ತೀನಿ!"

"ಅಷ್ಟೇ ಸಾಕು," ಎಂದು ಮುಖ್ಯಸ್ಥೆ ಕಾಗದ ಮುಂದೆ ತಳ್ಳಿದರು. ಮಗಳಿಗೆ ಒಂಬತ್ತು ವರ್ಷವಿದ್ದಾಗ ತಾವು ತೀರಿಕೊಂಡಿರುವುದಾಗಿ ಅದರಲ್ಲಿ ಬರೆದಿತ್ತು.

ದಂತವೈದ್ಯರು ಎರಡು ಸಲ ಓದಿದರು. "ಅಂದ್ರೆ ನಾನು ಹೋಗಿ ಹದಿಮೂರು ವರ್ಷ ಆಯ್ತಾ? ಹೇಗೆ ಹೋದೆ?"

"ದೋಣಿ ಮುಳುಗಿ. ನದಿಗೆ ಬಿದ್ದಿದ್ದ ಇಬ್ಬರು ಮಕ್ಕಳನ್ನ ದಡ ಸೇರಿಸಿ, ನೀವು ಮುಳುಗಿದಿರಿ."

ತಾಯಿ ಉತ್ತರಪತ್ರಿಕೆಯಿಂದ ತಲೆಯೆತ್ತದೆ ಹೇಳಿದರು, "ಇವರಿಗೆ ಈಜೇ ಬರಲ್ಲ."

"ಅದಕ್ಕೇ ಅಲ್ವಾ ಮುಳುಗಿದ್ದು?" ಎಂದರು ಮುಖ್ಯಸ್ಥೆ. ಆಕ್ಷೇಪಣೆ ಇತ್ಯರ್ಥವಾಯಿತು.

ದಂತವೈದ್ಯರು ಸ್ವಲ್ಪ ಹೊತ್ತು ಮೀಸೆ ತೀಡಿದರು. ಮುಖ ನಿಧಾನವಾಗಿ ಅರಳಿತು. "ಇಬ್ಬರು ಸಾಲದು. ಮೂರು ಮಾಡಿ," ಎಂದರು. ಮೃತರ ಕೊನೆಯ ಆಸೆಯೆಂದು ಪರಿಗಣಿಸಿ ಒಂದು ಮಗುವನ್ನು ಹೆಚ್ಚುವರಿಯಾಗಿ ಮಂಜೂರು ಮಾಡಲಾಯಿತು.

"ಸಿನಿಮಾ ಬಿಡುಗಡೆ ಆಗೋವರೆಗೆ ಅಷ್ಟೇ ಅಪ್ಪಾ," ಎಂದಳು ಮಗಳು. ಅವಳ ಕಣ್ಣು ತುಂಬಿತ್ತು. ಮೂಗು ಸೋರುತ್ತಿರಲಿಲ್ಲ. ಅದನ್ನು ಮುಖ್ಯಸ್ಥೆ ಗಮನಿಸಿ ತಲೆದೂಗಿದರು.

ಇನ್ನು ಉಳಿದದ್ದು ಸತ್ತವರನ್ನು ಎಲ್ಲಿಡುವುದು ಎಂಬ ಪ್ರಶ್ನೆ. ಅವರಿಗೆ ಮನೆಯಿತ್ತು, ಚಿಕಿತ್ಸಾಲಯವಿತ್ತು, ಮುಂದಿನ ವಾರ ನಾಲ್ಕು ಜನರ ದವಡೆಹಲ್ಲು ಕೀಳುವುದಿತ್ತು. ಆದ್ದರಿಂದ ಅವರನ್ನು ಅವರದೇ ತಮ್ಮನನ್ನಾಗಿ ನೇಮಿಸಲಾಯಿತು. ಮೀಸೆ ಬೋಳಿಸಬೇಕು, ಮಗಳು ಮನೆಯಲ್ಲೂ 'ಚಿಕ್ಕಪ್ಪ' ಎಂದೇ ಕರೆದು ರೂಢಿ ಮಾಡಿಕೊಳ್ಳಬೇಕು ಎಂದು ಆದೇಶ ಹೊರಟಿತು. ಮೊದಮೊದಲು ಮೂರು ಸಲ ಕೂಗಿದರೂ ಅವರು ತಿರುಗಿ ನೋಡುತ್ತಿರಲಿಲ್ಲವಂತೆ. ತಿಂಗಳೊಳಗೆ ಮೊದಲ ಕೂಗಿಗೇ ಓಗೊಡತೊಡಗಿದರು. ಪ್ರಗತಿ ತೃಪ್ತಿಕರ ಎಂದು ನಾನು ದಾಖಲಿಸಿದೆ.

ಪತ್ರಿಕೆಗಳಲ್ಲಿ ನದಿಯ ಕಥೆ ಬಂದ ಮೇಲೆ ರೋಗಿಗಳು ಏನೆನ್ನುತ್ತಾರೋ ಎಂಬ ಆತಂಕ ದಂತವೈದ್ಯರಿಗಿತ್ತು. ಅದು ನಿರಾಧಾರವಾದ ಆತಂಕ. ಹದಿನೈದು ವರ್ಷದಿಂದ ಅವರ ಬಳಿಯೇ ಬರುತ್ತಿದ್ದ ಅಜ್ಜಿಯೊಬ್ಬರು ಕುರ್ಚಿಯಲ್ಲಿ ಒರಗಿ, ಬಾಯಿ ತೆರೆಯುವ ಮೊದಲೇ ಎಚ್ಚರಿಸಿದರು.

"ನೋಡಪ್ಪಾ, ನಿಮ್ಮಣ್ಣನ ಕೈ ಹೂವಿನಂಥದ್ದು. ಅವರು ಕಿತ್ರೆ ಗೊತ್ತೇ ಆಗ್ತಿರ್ಲಿಲ್ಲ. ನೀನು ಸ್ವಲ್ಪ ಒರಟು ಅಂತ ಕೇಳಿದೀನಿ. ಈ ಎಡಗಡೆ ಹಲ್ಲು ಅವರು ಕಟ್ಟಿದ್ದು. ಅದನ್ನ ಮುಟ್ಬೇಡ."

"ಅಜ್ಜೀ, ಅದು ಮೂರು ವರ್ಷದ ಹಿಂದೆ ಕಟ್ಟಿದ್ದು. ಅಣ್ಣ ಹೋಗಿ ಹದಿಮೂರು ವರ್ಷ ಆಯ್ತು."

ಅಜ್ಜಿಯ ಕಣ್ಣಲ್ಲಿ ನೀರು ಬಂತು. "ಎಂಥ ಮನುಷ್ಯ ನೋಡು!" ಎಂದರು.

ಚಿತ್ರ ಓಡಿತು. ಗೋಡೆಗೋಡೆಯ ಮೇಲೂ ಅವಳ ಮುಖ ಬಂತು. ಕೆಳಗೆ ವಿಮಾ ಕಂಪನಿಯ ಒಕ್ಕಣೆ: 'ಅಪ್ಪ ಹೋಗುತ್ತಾರೆ. ಕಂತು ಕಟ್ಟಿದ್ದರೆ ಅಪ್ಪನ ಪ್ರೀತಿ ಹೋಗುವುದಿಲ್ಲ.' ನದಿಯಿಂದ ತಮ್ಮನ್ನು ಎತ್ತಿದ್ದು ಆ ಪುಣ್ಯಾತ್ಮರೇ ಎಂದು ನಲವತ್ತೊಂದು ಮಂದಿ ನಮ್ಮ ಕಚೇರಿಗೆ ಬಂದರು. ಮಂಜೂರಾಗಿದ್ದದ್ದು ಮೂರೇ ಮಕ್ಕಳಾದ್ದರಿಂದ ಸಂದರ್ಶನ ನಡೆಸಿ ಮೂವರನ್ನು ಆರಿಸಿ, ಗುರುತಿನ ಚೀಟಿ ಕೊಟ್ಟು, ಉಳಿದವರನ್ನು ಕಾಯುವ ಪಟ್ಟಿಯಲ್ಲಿ ಇಡಲಾಯಿತು. ಆಯ್ಕೆಯಾದವರಲ್ಲಿ ಒಬ್ಬರಿಗೆ ಐವತ್ತು ದಾಟಿತ್ತು. ಅನುಭವವನ್ನು ಬಹಳ ಚೆನ್ನಾಗಿ ಹೇಳಿದರು.

ಇಂಥ ಸುವ್ಯವಸ್ಥೆಯ ನಡುವೆ ಒಂದು ಭಾನುವಾರ ಬೆಳಿಗ್ಗೆ, ಎದುರು ಕಟ್ಟಡದಿಂದ ಯಾರೋ ಒಂದು ಫೋಟೋ ತೆಗೆದರು. ಬಾಲ್ಕನಿಯಲ್ಲಿ ನಾಯಕಿಯ ತಾಯಿ ದಂತವೈದ್ಯರ ಅಂಗಿಯ ಕಿತ್ತ ಗುಂಡಿಯನ್ನು, ಅಂಗಿ ಅವರ ಮೈಮೇಲಿರುವಾಗಲೇ ಹೊಲಿಯುತ್ತಿದ್ದರು. ದಾರವನ್ನು ಹಲ್ಲಿನಿಂದ ಕಡಿಯಲು ಬಾಗಿದ್ದ ಕ್ಷಣ ಅದು. ಮರುದಿನ ಮುಖಪುಟದಲ್ಲಿ ಬಂತು: 'ವೀರನ ವಿಧವೆಯ ಎದೆಗೊರಗಿದ ಮೈದುನ!' ನಿಜಕ್ಕೂ ಒರಗಿದ್ದವರು ಆಕೆ ಎಂದು ನಾವು ಕಳಿಸಿದ ತಿದ್ದುಪಡಿಯಿಂದ ಹೆಚ್ಚು ಪ್ರಯೋಜನವಾಗಲಿಲ್ಲ.

ಹಗರಣ ಸರಿಪಡಿಸಲು ವಿಮಾ ಕಂಪನಿ ಏಳು ದಿನದ ಗಡುವು ಕೊಟ್ಟಿತು. ತುರ್ತು ಸಭೆ ಸೇರಿತು. ಮೈದುನ ಮನೆ ಬಿಟ್ಟು ಹೋಗುವುದು ಒಳ್ಳೆಯದೆಂದು ಮುಖ್ಯಸ್ಥೆ ಸೂಚಿಸಿದರು.

"ಇಪ್ಪತ್ತಾರು ವರ್ಷದಿಂದ ಇವರ ಗೊರಕೆ ಕೇಳಿಕೊಂಡೇ ನಿದ್ದೆ ಮಾಡ್ತಿದೀನಿ," ಎಂದರು ತಾಯಿ. "ಈಗ ಸದ್ದಿಲ್ಲದೆ ಮಲಗು ಅಂದ್ರೆ ನನ್ನ ಕೈಲಾಗಲ್ಲ."

ದಂತವೈದ್ಯರು ಗಂಟಲು ಸರಿಮಾಡಿಕೊಂಡರು. ಆ ದಿನ ಅವರು ಯಾರ ಹಲ್ಲನ್ನೂ ನೋಡುತ್ತಿರಲಿಲ್ಲ.

"ಮೇಡಂ, ಒಂದು ಮಾತು. ನಾನು ವಾಪಸ್ ಬದುಕಬಹುದಾ? ಎಲ್ಲೋ ತೇಲಿ ಹೋಗಿದ್ದೆ, ನೆನಪು ಹೋಗಿತ್ತು, ಈಗ ಬಂತು ಅಂತ... ಮೀಸೆ ಬೆಳೆಸ್ಕೋತೀನಿ. ತಿಂಗಳು ಸಾಕು."

ಮುಖ್ಯಸ್ಥೆ ನನ್ನತ್ತ ನೋಡಿದರು. ನಾನು ನಿಯಮಾವಳಿ ತಿರುವಿ, ಪುನರ್ಜೀವಕ್ಕೆ ಅವಕಾಶವಿಲ್ಲವೆಂದು ಓದಿ ಹೇಳಿದೆ. ದಂತವೈದ್ಯರು ಮಗಳ ಕಡೆ ತಿರುಗಿದರು. ಬಾಗಿಲು ಹಾಕಿತ್ತು. ಕೊಠಡಿಯಲ್ಲಿ ಹೊರಗಿನವರು ಯಾರೂ ಇರಲಿಲ್ಲ.

ಮಗಳು ಉಗುರಿನ ಬಣ್ಣ ಕೆರೆಯುತ್ತಾ ಹೇಳಿದಳು, "ಇನ್ನೂ ಎರಡು ಸಿನಿಮಾ ಇದೆ, ಚಿಕ್ಕಪ್ಪ."

ದಂತವೈದ್ಯರು ತಟ್ಟೆಯಿಂದ ಒಂದು ಬಿಸ್ಕತ್ತು ತೆಗೆದುಕೊಂಡು, ಅದನ್ನು ಅಲ್ಲೇ ಇಟ್ಟರು. ಇದು ನಡವಳಿಯಲ್ಲಿ ಇಲ್ಲ. ಅದಕ್ಕೆ ಕಲಮು ಇರಲಿಲ್ಲ.

ದಾರಿ ಹೊಳೆದದ್ದು ಮುಖ್ಯಸ್ಥೆಗೇ. ಕದ್ದು ನೋಡಿದರೆ ಹಗರಣವಾಗುವುದನ್ನು ಟಿಕೆಟ್ ಇಟ್ಟು ತೋರಿಸಿದರೆ ಆದರ್ಶವಾಗುತ್ತದೆ. ವೀರನ ವಿಧವೆಗೆ ಅವನ ತಮ್ಮನೇ ಬಾಳು ಕೊಡುವುದು. ಮಗಳು ಮುಂದೆ ನಿಂತು ಮಾಡಿಸುವುದು. ನೇರಪ್ರಸಾರದ ಹಕ್ಕು ಸಂಸ್ಥೆಯದು.

"ಮತ್ತೆ ಇವರನ್ನೇನಾ?" ಎಂದು ತಾಯಿ ಕೇಳಿದರು. ಬೇರೆಯವರು ಸದ್ಯಕ್ಕೆ ಲಭ್ಯವಿಲ್ಲವೆಂದು ತಿಳಿಸಲಾಯಿತು.

ವಿವಾಹ ನೋಂದಣಿ ಅಧಿಕಾರಿ ನೇರ ನಡೆಯವರು. ಮೊದಲ ಗಂಡನ ಮರಣ ಪ್ರಮಾಣಪತ್ರವಿಲ್ಲದೆ ಎರಡನೇ ಮದುವೆ ಸಾಧ್ಯವೇ ಇಲ್ಲ ಎಂದರು. ಪಕ್ಕದ ಕಿಟಕಿಯಲ್ಲೇ ಎರಡು ದಿನದಲ್ಲಿ ಪ್ರಮಾಣಪತ್ರ ಸಿಕ್ಕಿತು. ಅರ್ಜಿದಾರ ಎಂದಿದ್ದ ಕಡೆ ದಂತವೈದ್ಯರೇ ಸಹಿ ಮಾಡಿದರು. ಮೃತರಿಗೆ ಏನಾಗಬೇಕು ಎಂಬ ಪ್ರಶ್ನೆಗೆ 'ತಮ್ಮ' ಎಂದು ಬರೆದರು.

ಮದುವೆಯ ದಿನ ತಾಯಿಯ ಅಕ್ಕ ಬಂದಿದ್ದರು. ಇಪ್ಪತ್ತಾರು ವರ್ಷದ ಹಿಂದೆ ಮೊದಲ ಮದುವೆಯಲ್ಲಿ ಓಡಾಡಿ ದುಡಿದವರು ಅವರೇ. ವರನನ್ನು ಮೇಲಿಂದ ಕೆಳಗೆ ನೋಡಿ, ತಂಗಿಯ ಕಿವಿಯಲ್ಲಿ ಹೇಳಿದರು, "ಮೊದಲನೇವ್ರಷ್ಟು ಲಕ್ಷಣ ಇಲ್ಲ ಕಣೇ. ಹೋಗ್ಲಿ, ಪಾಪದವನ ಹಾಗೆ ಕಾಣ್ತಾನೆ. ಹೊಂದ್ಕೊಂಡು ಹೋಗು."

ತಾಯಿ ತಲೆಯಾಡಿಸಿದರು. ನೇರಪ್ರಸಾರವನ್ನು ಅರ್ಧ ದೇಶ ನೋಡಿತು. ವಿಮಾ ಕಂಪನಿ ಒಪ್ಪಂದವನ್ನು ಐದು ವರ್ಷಕ್ಕೆ ವಿಸ್ತರಿಸಿತು.

ಆ ವರ್ಷದ ಅತ್ಯುತ್ತಮ ಹೊಸ ನಟಿ ಪ್ರಶಸ್ತಿ ಅವಳಿಗೇ ಬಂತು. ಸಮಾರಂಭ ಮಧ್ಯಾಹ್ನ ಮೂರಕ್ಕೆ. ಅವಳು ವೇದಿಕೆಯಲ್ಲಿ ಪ್ರಶಸ್ತಿಯನ್ನು ಎದೆಗೊತ್ತಿ ಹಿಡಿದು, ಸಭಾಂಗಣದ ಚಾವಣಿ ನೋಡುತ್ತಾ, "ಅಪ್ಪಾ, ನೀನು ಎಲ್ಲೇ ಇದ್ರೂ ಇದು ನಿಂಗೆ," ಎಂದಳು. ಮೂರನೇ ಸಾಲಿನ ಹದಿನೇಳನೇ ಕುರ್ಚಿಯಲ್ಲಿ ದಂತವೈದ್ಯರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಆ ವೀರನ ಗೌರವಾರ್ಥ ಎಲ್ಲರೂ ಎದ್ದು ಒಂದು ನಿಮಿಷ ಮೌನ ಆಚರಿಸಬೇಕೆಂದು ನಿರೂಪಕರು ಕೋರಿದರು. ಎಲ್ಲರಿಗಿಂತ ಮೊದಲು ಎದ್ದವರು ದಂತವೈದ್ಯರೇ.

ಮಾರನೇ ದಿನ ಕಚೇರಿ ತೆರೆಯುವ ಹೊತ್ತಿಗೆ ಅವರು ನನ್ನ ಮೇಜಿನ ಮುಂದೆ ನಿಂತಿದ್ದರು. ಮುಖ ಕೆಂಪಾಗಿತ್ತು. ಕೊನೆಗೂ ಈ ಮನುಷ್ಯ ಬಾಯಿ ಬಿಡುತ್ತಾರೆ ಎಂದುಕೊಂಡು ನಾನು ಲೇಖನಿಯ ಮುಚ್ಚಳ ತೆಗೆದೆ.

"ಬರ್ಕೊಳ್ಳಿ. ನಾನು ಗಡಿಯಾರ ನೋಡ್ಕೊಂಡೇ ನಿಂತಿದ್ದೆ. ಒಂದು ನಿಮಿಷ ಅಂತ ಹೇಳಿ ನಲವತ್ತು ಸೆಕೆಂಡಿಗೇ ಕೂತ್ಬಿಟ್ರು. ಮೂರು ಮಕ್ಕಳನ್ನ ಉಳಿಸಿದ ಮನುಷ್ಯ ರೀ ನಮ್ಮಣ್ಣ! ಇಪ್ಪತ್ತು ಸೆಕೆಂಡಲ್ಲಿ ಜಿಪುಣತನವಾ?"

ದೂರು ನ್ಯಾಯವಾದದ್ದೆಂದು ಕಂಡುಬಂದುದರಿಂದ ಅದೇ ದಿನ ಸುತ್ತೋಲೆ ಹೊರಡಿಸಲಾಯಿತು. ಈಗ ಎಲ್ಲ ಸಮಾರಂಭಗಳಲ್ಲೂ ಪೂರ್ತಿ ಅರವತ್ತು ಸೆಕೆಂಡು ನಿಲ್ಲಲಾಗುತ್ತಿದೆ.